ಮಲ್ಲೀನ್ ಗಿಡವೂ ನೆಲದಲ್ಲಿ ಮಲಗಿದ ಬೀಜವೂ

ಬೀಜ ಮೊದಲೋ ಅಂಕುರ ಮೊದಲೋ ಎಂಬ ಪ್ರಶ್ನೆಯನ್ನು ಬಗೆಹರಿಸುವ ಗೋಜಿಗೆ ನಮ್ಮ ಶಾಸ್ತ್ರಕಾರರು ಹೋಗಲಿಲ್ಲ. ಅದಕ್ಕೆ ಬೀಜಾಂಕುರನ್ಯಾಯವೆಂದು ಹೆಸರಿಟ್ಟು, ಅನಾದಿಯೆಂದು ಹೇಳಿ ಮುಂದೆ ನಡೆದರು. ಆದರೆ ಅವೆರಡಕ್ಕೂ ನಡುವಣ ಇನ್ನೊಂದು ಅವಸ್ಥೆಯನ್ನು ಅವರು ಅಷ್ಟು ಸುಲಭವಾಗಿ ಬಿಟ್ಟುಬಿಡಲಿಲ್ಲ. ಬಿತ್ತು ಮಣ್ಣಿನಲ್ಲಿದೆ, ಮೊಳೆತಿಲ್ಲ, ಸತ್ತೂ ಇಲ್ಲ. ಪಾತಂಜಲ ಯೋಗಸೂತ್ರದ ಎರಡನೆಯ ಪಾದದಲ್ಲಿ ಕ್ಲೇಶಗಳ ನಾಲ್ಕು ಅವಸ್ಥೆಗಳನ್ನು ಎಣಿಸುವಾಗ ಮೊದಲು ಬರುವ ಮಾತು ‘ಪ್ರಸುಪ್ತ’ ಎಂಬುದು. ವ್ಯಾಸಭಾಷ್ಯವು ಇದನ್ನು ಬೀಜದ ಉಪಮಾನದಿಂದಲೇ ವಿವರಿಸುತ್ತದೆ: ಆಲಂಬನವು ಎದುರಿಗೆ ಬಂದಾಗ ಎಚ್ಚರಗೊಳ್ಳುವುದು ಪ್ರಸುಪ್ತ, ಬೆಂದ ಬೀಜವಾದರೋ ಏನು ಎದುರಿಗೆ ಬಂದರೂ ಏಳದು.

ಈ ಸೂತ್ರವನ್ನು ಓದುವವರು ಸಾಮಾನ್ಯವಾಗಿ ಉಪಮಾನವಾದ ಬೀಜವನ್ನು ಅಲ್ಲಿಯೇ ಬಿಟ್ಟು, ಉಪಮೇಯವಾದ ಕ್ಲೇಶದ ಕಡೆಗೆ ಸಾಗುತ್ತಾರೆ. ಪ್ರಕೃತ ಲೇಖನದಲ್ಲಿ ಆ ಕ್ರಮವನ್ನು ತಿರುಗಿಸಿ, ಬೀಜದ ಬಳಿಯಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಉದ್ದೇಶ. ನೆಲದೊಳಗೆ ಮಲಗಿದ ಬಿತ್ತು ಎಷ್ಟು ಕಾಲ ಜೀವ ಹಿಡಿದುಕೊಂಡಿರಬಲ್ಲುದು? ಇದನ್ನು ಕೈಯಿಂದ ಮಾಡಿ ನೋಡಿ ತಿಳಿಯಬೇಕೆಂದು ಅಮೆರಿಕದ ಒಬ್ಬ ಉಪಾಧ್ಯಾಯರು ೧೮೭೯ರಲ್ಲಿ ಒಂದು ಪರೀಕ್ಷೆಯನ್ನು ಆರಂಭಿಸಿದರು. ಆ ಪರೀಕ್ಷೆ ಇನ್ನೂ ಮುಗಿದಿಲ್ಲ. ಅದರಲ್ಲಿ ಇದುವರೆಗೆ ಸೋಲದೆ ಉಳಿದು ಬಂದಿರುವುದು ಪಾಶ್ಚಾತ್ಯರ ಹಿತ್ತಿಲುಗಳಲ್ಲಿ ಬೆಳೆಯುವ ಮಲ್ಲೀನ್ ಎಂಬ ಗಿಡದ ಕುಲ. ಈ ಗಿಡವು ದೀಪದ ಬತ್ತಿಯಾಗಿ, ಔಷಧಿಯಾಗಿ, ಉದ್ಯಾನದ ಅಲಂಕಾರವಾಗಿ, ಕಡೆಗೆ ರೈತರ ಕಳೆಯಾಗಿ ನಡೆದು ಬಂದ ದಾರಿಯನ್ನು ತಿಳಿದರೆ, ಆ ಪರೀಕ್ಷೆಯ ಅರ್ಥವೂ ಚೆನ್ನಾಗಿ ತಿಳಿಯುತ್ತದೆ.

ಮೊದಲು ಗಿಡದ ಪರಿಚಯ. ಮಲ್ಲೀನ್ ಎಂಬುದು ಆಂಗ್ಲರ ಮಾತು. ನಮ್ಮ ಕಿವಿಗೆ ‘ಮಲಿನ’ವೆಂದು ಕೇಳಿಸಿದರೂ ಆ ಅರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ವರ್ಬಾಸ್ಕಂ ಥಾಪ್ಸಸ್ ಎಂದು ಹೆಸರು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು ೧೭೫೩ರ ತನ್ನ ಗ್ರಂಥದಲ್ಲಿ ಈ ಹೆಸರನ್ನು ಸ್ಥಿರಪಡಿಸಿದನು. ಗಿಡದ ಆಯುಸ್ಸು ಸಾಮಾನ್ಯವಾಗಿ ಎರಡು ವರ್ಷ. ಮೊದಲನೆಯ ವರ್ಷ ನೆಲಕ್ಕೆ ಅಂಟಿಕೊಂಡು ಅಗಲವಾದ ಎಲೆಗಳ ಒಂದು ಸುತ್ತು ಮಾತ್ರ ಕಾಣುತ್ತದೆ. ಎಲೆಗಳ ಎರಡು ಮಗ್ಗುಲಿಗೂ ಬೆಳ್ಳನೆಯ ದಟ್ಟವಾದ ತುಪ್ಪುಳು. ಮುಟ್ಟಿದರೆ ಹೊಸ ಕಂಬಳಿಯನ್ನು ಮುಟ್ಟಿದಂತಾಗುತ್ತದೆ. ಆ ಸ್ಥಿತಿಯಲ್ಲಿಯೇ ಚಳಿಗಾಲವನ್ನು ಕಳೆದು, ಎರಡನೆಯ ವರ್ಷ ನಡುವಿನಿಂದ ಒಂದು ದಂಟು ಆಳೆತ್ತರಕ್ಕೆ ನೆಟ್ಟಗೆ ಏಳುತ್ತದೆ. ದಂಟಿನ ಮೇಲ್ಭಾಗದಲ್ಲಿ ಜೋಳದ ತೆನೆಯಂತೆ ಒತ್ತಾಗಿ ಮೊಗ್ಗುಗಳು. ಅವು ಒಮ್ಮೆಗೇ ಅರಳುವುದಿಲ್ಲ. ದಿನಕ್ಕೆ ಕೆಲವು ಮಾತ್ರ. ಸೂರ್ಯೋದಯಕ್ಕೆ ಮುಂಚೆ ಬಿರಿದ ಹಳದಿ ಹೂವು ಅಪರಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಮರುದಿನದ ಪಾಳಿ ಬೇರೆಯ ಹೂವುಗಳದು. ಬೀಜ ಕಟ್ಟಿದ ಮೇಲೆ, ಬಿದಿರಿನಂತೆ, ಗಿಡವು ಸಾಯುತ್ತದೆ. ಒಣಗಿದ ದಂಟು ಮಾತ್ರ ಮುಂದಿನ ಚಳಿಗಾಲದಲ್ಲೂ ನಿಂತಿರುತ್ತದೆ.

ಈ ಕುಲವು ನಮ್ಮ ದೇಶಕ್ಕೆ ಪೂರ್ತಿಯಾಗಿ ಪರಕೀಯವೇನೂ ಅಲ್ಲ. ಕಾಶ್ಮೀರದಿಂದ ಮೊದಲುಗೊಂಡು ಹಿಮಾಲಯದ ತಪ್ಪಲುಗಳಲ್ಲಿ ಮಲ್ಲೀನ್ ಗಿಡವು ತಾನಾಗಿಯೇ ಬೆಳೆಯುತ್ತದೆ. ಅಲ್ಲಿಯ ಜನ ಇದನ್ನು ‘ಗೀದಡ್ ತಮಾಕು’, ಎಂದರೆ ನರಿಯ ಹೊಗೆಸೊಪ್ಪು, ಎಂದು ಕರೆಯುತ್ತಾರೆ. ಎಲೆಯ ರೂಪವನ್ನು ನೋಡಿದವರಿಗೆ ಈ ಹೆಸರು ಸರಿಯೆನಿಸುತ್ತದೆ. ನಮ್ಮ ಬಯಲುನಾಡಿನ ತೇವದ ಹೊಲಗಳಲ್ಲಿ ಹಳದಿ ಹೂ ಬಿಡುವ ಇದೇ ಕುಲದ ಚಿಕ್ಕ ಗಿಡವೊಂದುಂಟು. ಅದರ ಹೂವಿನಲ್ಲಿ ಕೇಸರಗಳು ಐದರ ಬದಲು ನಾಲ್ಕೇ ಇರುವುದರಿಂದ ಹಿಂದಿನ ಸಸ್ಯಶಾಸ್ತ್ರಜ್ಞರು ಅದನ್ನು ಬೇರೆ ಕುಲವೆಂದೆಣಿಸಿ, ಚೋಳಮಂಡಲ ತೀರದ ಹೆಸರನ್ನು ಅದಕ್ಕೆ ಕೊಟ್ಟಿದ್ದರು. ಈಗ ವರ್ಬಾಸ್ಕಂ ಕುಲದಲ್ಲಿಯೇ ಸೇರಿಸಿದ್ದಾರೆ. ಆದರೆ ಆಳೆತ್ತರದ ಮಲ್ಲೀನ್ ಗಿಡದ ಚರಿತ್ರೆ ಮುಖ್ಯವಾಗಿ ನಡೆದುದು ಯೂರೋಪಿನಲ್ಲಿ, ಅನಂತರ ಅಮೆರಿಕದಲ್ಲಿ.

ಯವನರಿಗೂ ರೋಮಕರಿಗೂ ಈ ಗಿಡವು ಚೆನ್ನಾಗಿ ತಿಳಿದಿತ್ತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತ ತನ್ನ ಗ್ರಂಥದಲ್ಲಿ, ನದಿಗಳಲ್ಲಿಯೂ ಕೊಳಗಳಲ್ಲಿಯೂ ಈ ಗಿಡವನ್ನು ಹಾಕಿ ಮೀನುಗಳನ್ನು ಹಿಡಿಯುತ್ತಾರೆಂದು ಹೇಳಿದ್ದಾನೆ. ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಕಾರೆಕಾಯನ್ನು ಜಜ್ಜಿ ಹಾಕಿ ಮೀನನ್ನು ಮಂಕುಗೊಳಿಸುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಔಷಧದ್ರವ್ಯಗಳನ್ನು ಕುರಿತು ಬರೆದ ಡಯಾಸ್ಕೊರಿಡೀಸನೂ, ಪ್ರಕೃತಿಯ ಚರಿತ್ರೆಯನ್ನು ಬರೆದ ಪ್ಲಿನಿಯೂ ಇನ್ನೊಂದು ಉಪಯೋಗವನ್ನು ತಿಳಿಸುತ್ತಾರೆ. ಈ ಜಾತಿಯ ಒಂದು ಗಿಡದ ತುಪ್ಪುಳು ತುಂಬಿದ ಎಲೆಗಳನ್ನು ಆಗಿನವರು ದೀಪದ ಬತ್ತಿಯಾಗಿ ಬಳಸುತ್ತಿದ್ದರು. ಅಂಜೂರದ ಹಣ್ಣನ್ನು ಈ ಎಲೆಯಲ್ಲಿ ಸುತ್ತಿಟ್ಟರೆ ಕೆಡುವುದಿಲ್ಲವೆಂಬ ನಂಬಿಕೆಯನ್ನೂ ಅವರು ದಾಖಲಿಸಿದ್ದಾರೆ. ಹತ್ತಿಯ ಬತ್ತಿ ಮನೆಮನೆಯಲ್ಲೂ ಇರುವ ನಾಡಿನವರಾದ ನಮಗೆ ಎಲೆಯ ಬತ್ತಿ ವಿಚಿತ್ರವಾಗಿ ತೋರಬಹುದು. ಹತ್ತಿ ದುರ್ಲಭವಾಗಿದ್ದ ನಾಡಿನಲ್ಲಿ ಹಿತ್ತಿಲ ಗಿಡವೇ ದೀಪವನ್ನು ಉಳಿಸಿತು.

ದೀಪದೊಡನೆ ಈ ಗಿಡಕ್ಕಿದ್ದ ನಂಟು ಅನಂತರದ ಹೆಸರುಗಳಲ್ಲಿಯೂ ನಿಂತಿತು. ಒಣಗಿದ ದಂಟನ್ನು ಕೊಬ್ಬಿನಲ್ಲಿ ಅದ್ದಿ ಪಂಜಾಗಿ ಉರಿಸುತ್ತಿದ್ದ ಕಾರಣ ಆಂಗ್ಲರು ಇದನ್ನು ಪಂಜಿನ ಗಿಡವೆಂದರು; ಜರ್ಮನರು ‘ಕ್ಯೋನಿಗ್ಸ್‌ಕೆರ್ಟ್ಸೆ’, ಎಂದರೆ ಅರಸನ ಮೋಂಬತ್ತಿ, ಎಂದರು. ಹನ್ನೆರಡನೆಯ ಶತಮಾನದಲ್ಲಿ ರೈನ್ ನದಿಯ ಪ್ರಾಂತದಲ್ಲಿದ್ದ ಹಿಲ್ಡೆಗಾರ್ಡ್ ಎಂಬ ಸಂನ್ಯಾಸಿನಿಯು ತನ್ನ ವೈದ್ಯಗ್ರಂಥದಲ್ಲಿ ಈ ಗಿಡವನ್ನು ಹೇಳಿ, ದುರ್ಬಲವೂ ದುಃಖಿತವೂ ಆದ ಹೃದಯವುಳ್ಳವರಿಗೆ ಇದು ಹಿತವೆಂದು ಬರೆದಿದ್ದಾಳೆ. ಬವೇರಿಯ ಪ್ರಾಂತದಲ್ಲಿ ಆಗಸ್ಟ್ ೧೫ರ ಮೇರಿಮಾತೆಯ ಹಬ್ಬದ ದಿನ ಹೆಂಗಸರು ಮೂಲಿಕೆಗಳ ಕಟ್ಟನ್ನು ಕಟ್ಟಿ ದೇವಾಲಯಕ್ಕೆ ಒಯ್ಯುವ ಪದ್ಧತಿಯುಂಟು. ಆ ಕಟ್ಟಿನ ನಟ್ಟನಡುವೆ ನಿಲ್ಲುವುದು ಮಲ್ಲೀನಿನ ಹೂದಂಟು. ಇಂಗ್ಲೆಂಡಿನಲ್ಲಿ ಜಾನ್ ಜೆರಾರ್ಡನು ೧೫೯೭ರಲ್ಲಿ ಪ್ರಕಟಿಸಿದ ಮೂಲಿಕೆಗಳ ಮಹಾಗ್ರಂಥದಲ್ಲಿಯೂ ಇದಕ್ಕೆ ಸ್ಥಳವುಂಟು. ಹೀಗೆ ಔಷಧಿ, ದೀಪ, ದೇವಕಾರ್ಯ ಈ ಮೂರಕ್ಕೂ ಸಲ್ಲುತ್ತಿದ್ದ ಗಿಡವನ್ನು ಗೃಹಸ್ಥರು ತಮ್ಮ ಬೇಲಿಯೊಳಗೆ ಬರಮಾಡಿಕೊಂಡುದು ಸಹಜವೇ ಆಗಿದೆ.

ಇಲ್ಲಿ ಒಂದು ವಿಷಯವನ್ನು ವಾಚಕರು ಗಮನಿಸಬೇಕು. ಒಂದು ಗಿಡವು ಲಕ್ಷಕ್ಕೂ ಮಿಗಿಲಾಗಿ ಬೀಜಗಳನ್ನು ಕೊಡುತ್ತದೆ. ಬೀಜವು ಕಸಕಸೆಯಂತೆ ಸೂಕ್ಷ್ಮ. ಉದ್ದ ಒಂದು ಮಿಲಿಮೀಟರಿಗೂ ಕಡಮೆ. ಆದರೆ ಅದಕ್ಕೆ ಎಕ್ಕದ ಬೀಜಕ್ಕಿರುವಂತೆ ಹಾರುವ ರೇಷ್ಮೆಯಿಲ್ಲ. ಉತ್ತರಾಣಿಯ ಬೀಜಕ್ಕಿರುವಂತೆ ಬಟ್ಟೆಗೆ ಅಂಟುವ ಮುಳ್ಳಿಲ್ಲ. ಹಕ್ಕಿಗಳು ತಿಂದು ಒಯ್ಯುವ ತಿರುಳಿಲ್ಲ. ಗಾಳಿಗೆ ದಂಟು ತೂಗಿದಾಗ ಕಾಯಿಯ ಬಾಯಿಂದ ಬೀಜ ಉದುರುತ್ತದೆ. ಹೆಚ್ಚಿನವು ತಾಯಿಗಿಡದ ಬುಡದಿಂದ ಕೆಲವು ಮೊಳಗಳ ಒಳಗೇ ಬೀಳುತ್ತವೆ. ದೇಶದಲ್ಲಿ ಸಂಚರಿಸುವುದರಲ್ಲಿ ಇದು ಹೆಳವ. ಆದುದರಿಂದ ಇದು ಎಲ್ಲಿ ಸಮುದ್ರ ದಾಟಿದೆಯೋ ಅಲ್ಲಿ ಮನುಷ್ಯನೇ ಇದನ್ನು ಹೆಗಲ ಮೇಲೆ ಹೊತ್ತು ದಾಟಿಸಿದ್ದಾನೆಂದು ತಿಳಿಯಬೇಕು.

ಹಾಗೆ ಹೊತ್ತವರು ಅಮೆರಿಕಕ್ಕೆ ವಲಸೆಹೋದ ಯೂರೋಪಿಯನರು. ಹದಿನೆಂಟನೆಯ ಶತಮಾನದ ನಡುವೆ ವರ್ಜೀನಿಯ ಪ್ರಾಂತದಲ್ಲಿ ಮೀನು ಹಿಡಿಯುವುದಕ್ಕಾಗಿ ಈ ಗಿಡವನ್ನು ತಂದು ಬೆಳೆಸಿದರೆಂದು ತಿಳಿದುಬರುತ್ತದೆ. ಅರಿಸ್ಟಾಟಲನು ಕಂಡ ಉಪಾಯವೇ ಎರಡು ಸಾವಿರ ವರ್ಷಗಳ ಮೇಲೆ ಹೊಸ ಖಂಡದ ಹೊಳೆಗಳಿಗೆ ಇಳಿಯಿತು. ಕೆಮ್ಮಿನ ಕಷಾಯಕ್ಕೂ ಇದು ಬೇಕಾಗಿತ್ತು. ಆದರೆ ಬೇಲಿಯೊಳಗೆ ಇಟ್ಟ ಗಿಡವು ಬೇಲಿಯೊಳಗೆ ನಿಲ್ಲಲಿಲ್ಲ. ಕಾಡು ಕಡಿದು ಉತ್ತ ಹೊಲ, ಹೊಸದಾಗಿ ತೆಗೆದ ರಸ್ತೆಯ ಅಂಚು, ರೈಲುದಾರಿಯ ಏರಿ, ಹೀಗೆ ಎಲ್ಲೆಲ್ಲಿ ಮಣ್ಣು ಬರಿದಾಗಿ ಬಿಸಿಲಿಗೆ ತೆರೆಯಿತೋ ಅಲ್ಲೆಲ್ಲ ಮಲ್ಲೀನ್ ಎದ್ದಿತು. ೧೮೩೯ರ ವೇಳೆಗೆ ಮಿಷಿಗನ್ ಪ್ರಾಂತದಲ್ಲಿಯೂ, ೧೮೭೬ರ ವೇಳೆಗೆ ಪೆಸಿಫಿಕ್ ಸಾಗರದ ತೀರದಲ್ಲಿಯೂ ಅದು ಕಂಡುಬಂದಿತು. ಕವಿ ವಾಲ್ಟ್ ವಿಟ್ಮನ್ನನು ೧೮೮೨ರ ತನ್ನ ಗದ್ಯಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಈ ಗಿಡಕ್ಕೆ ಮೀಸಲಾಗಿಟ್ಟನು. ರೈತನು ಮಾತ್ರ ಕುಡುಗೋಲನ್ನು ಹಿಡಿದು ಬಂದನು.

ಅದೇ ಕಾಲದಲ್ಲಿ ಅಟ್ಲಾಂಟಿಕ್ಕಿನ ಆಚೆಯ ದಡದಲ್ಲಿ ಇದಕ್ಕೆ ಎರಡು ಬಗೆಯ ಗೌರವಗಳು ದೊರೆತವು. ಮೊದಲನೆಯದು ಕ್ಷಯರೋಗದ ಸಂಬಂಧವಾದುದು. ಐರ್ಲೆಂಡಿನಲ್ಲಿ ಮಲ್ಲೀನ್ ಎಲೆಯನ್ನು ಹಾಲಿನಲ್ಲಿ ಕುದಿಸಿ ಕ್ಷಯರೋಗಿಗಳಿಗೆ ಕೊಡುವುದು ಹಳೆಯ ವಾಡಿಕೆ. ರೋಗವು ಹೆಚ್ಚಾಗಿದ್ದುದರಿಂದ ಎಲೆಗೆ ಬೇಡಿಕೆಯೂ ಹೆಚ್ಚಿ, ಅಲ್ಲಿಯ ತೋಟಗಳಲ್ಲಿ ಇದನ್ನು ಮಾರಾಟಕ್ಕಾಗಿ ಬೆಳೆಸುತ್ತಿದ್ದರು. ಡಬ್ಲಿನ್ನಿನ ವೈದ್ಯ ಕ್ವಿನ್ಲನ್ ಎಂಬವರು ಈ ವಾಡಿಕೆಯನ್ನು ಪರೀಕ್ಷಿಸಿ ೧೮೮೩ರಲ್ಲಿ ವೈದ್ಯಪತ್ರಿಕೆಯಲ್ಲಿ ಬರೆದರು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ, ೧೮೮೨ರಲ್ಲಿ, ಜರ್ಮನಿಯ ಕಾಖ್ ಪಂಡಿತರು ಕ್ಷಯದ ಕ್ರಿಮಿಯನ್ನು ಕಂಡುಹಿಡಿದಿದ್ದರು. ಕ್ರಿಮಿಯನ್ನು ಕೊಲ್ಲುವ ಮದ್ದು ಕೈಗೆ ಬರುವುದಕ್ಕೆ ಇನ್ನೂ ಅರುವತ್ತು ವರ್ಷಗಳು ಬೇಕಾದುವು. ಆ ಅರುವತ್ತು ವರ್ಷ ಎಷ್ಟೋ ಬಡಮನೆಗಳಲ್ಲಿ ಗೋಡೆಯ ಪಕ್ಕದ ಈ ಗಿಡವೇ ವೈದ್ಯನಾಗಿತ್ತು. ಅದು ಕೆಮ್ಮನ್ನು ಸಡಿಲಿಸಿರಬಹುದು; ಕ್ಷಯವನ್ನು ಗೆಲ್ಲುವ ಶಕ್ತಿ ಅದಕ್ಕಿರಲಿಲ್ಲ. ಆದರೂ ಬದುಕಿನ ಆಸೆಯಿಂದ ಬಿತ್ತಿದವರನ್ನು ನಾವು ಅಜ್ಞರೆಂದು ನಗುವಂತಿಲ್ಲ. ನಮ್ಮ ನಾಡಿನಲ್ಲಿಯೂ ಆ ರೋಗದ ಎದುರಿನಲ್ಲಿ ಹಿತ್ತಿಲ ಸೊಪ್ಪಿಗಿಂತ ಹೆಚ್ಚಿನದೇನೂ ಇಲ್ಲದೆ ಕುಳಿತ ಮನೆಗಳು ಕಡಮೆಯಾಗಿರಲಿಲ್ಲ.

ಎರಡನೆಯ ಗೌರವ ಅಲಂಕಾರದ್ದು. ಇಂಗ್ಲೆಂಡಿನ ಉದ್ಯಾನಗಳಲ್ಲಿ ರಂಗೋಲಿಯಂತೆ ಚಚ್ಚೌಕವಾಗಿ ಕತ್ತರಿಸಿದ ಪಾತಿಗಳು ಮೆರೆಯುತ್ತಿದ್ದ ಕಾಲದಲ್ಲಿ, ವಿಲಿಯಂ ರಾಬಿನ್ಸನ್ ಎಂಬ ಐರಿಷ್ ತೋಟಗಾರನು ೧೮೭೦ರಲ್ಲಿ ಒಂದು ಪುಸ್ತಕವನ್ನು ಬರೆದು, ಗಟ್ಟಿಮುಟ್ಟಾದ ಗಿಡಗಳನ್ನು ಕಾಡಿನಲ್ಲಿರುವಂತೆ ಸಹಜವಾಗಿ ಬೆಳೆಯಬಿಡಬೇಕೆಂದು ವಾದಿಸಿದನು. ಅದೇ ಪಂಥದ ಗರ್ಟ್ರೂಡ್ ಜೀಕಲ್ ಎಂಬ ಮಹಿಳೆಯು (೧೮೪೩–೧೯೩೨) ತನ್ನ ತೋಟದಲ್ಲಿ ಮಲ್ಲೀನಿನ ಎತ್ತರದ ಜಾತಿಗಳನ್ನು ಬಹಳ ಪ್ರೀತಿಯಿಂದ ಬೆಳೆಸಿದಳು. ಈಗಲೂ ಪಾಶ್ಚಾತ್ಯರ ಮನೆಗಳ ಮುಂದೆ ಈ ಗಿಡವು ಕಾವಲುಗಾರನಂತೆ ನಿಂತಿರುತ್ತದೆ. ಅದನ್ನು ಬೆಳೆಸುವುದರಲ್ಲಿ ಕಷ್ಟವೇನೂ ಇಲ್ಲ. ಮರಳು ಬೆರೆತ, ನೀರು ನಿಲ್ಲದ ಬಡಮಣ್ಣು ಸಾಕು, ಗೊಬ್ಬರ ಬೇಡ, ಬಿಸಿಲು ಮಾತ್ರ ಪೂರ್ತಿಯಾಗಿ ಬೇಕು. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಕೈಯಿಂದ ಮೆಲ್ಲಗೆ ಒತ್ತಬೇಕು, ಮುಚ್ಚಬಾರದು. ಬೇರು ಗೂಟದಂತೆ ನೆಟ್ಟಗೆ ಇಳಿಯುವುದರಿಂದ ಸಸಿಯನ್ನು ಚಿಕ್ಕದಿರುವಾಗಲೇ ಕಿತ್ತು ನೆಡಬೇಕು. ಎಲೆಯ ತುಪ್ಪುಳನ್ನು ಕೆರೆದು ಗೂಡಿಗೆ ಒಯ್ಯುವ ಒಂದು ಜಾತಿಯ ಒಂಟಿ ಜೇನುನೊಣವೂ, ಇದರ ಎಲೆಯನ್ನೇ ಮೇಯುವ ಕಂಬಳಿಹುಳುವಿನಂಥ ಒಂದು ಹುಳುವೂ ಬಂದು ಸೇರುತ್ತವೆ.

ಬೀಜವನ್ನು ಮಣ್ಣಿನಿಂದ ಮುಚ್ಚಬಾರದೆಂದು ಹೇಳಿದೆನಷ್ಟೆ. ಇದರಲ್ಲಿಯೇ ಈ ಗಿಡದ ರಹಸ್ಯವಿದೆ. ಬೆಳಕು ತಾಗಿದರೆ ಮಾತ್ರ ಇದರ ಬಿತ್ತು ಮೊಳೆಯುತ್ತದೆ. ಅರೆ ಅಂಗುಲ ಮಣ್ಣು ಮೇಲೆ ಬಿದ್ದರೂ ಅದು ಮೊಳೆಯದೆ ಮಲಗುತ್ತದೆ. ಭಾಷ್ಯಕಾರರು ಹೇಳಿದ ಆಲಂಬನವೆಂದರೆ ಇಲ್ಲಿ ಬೆಳಕು. ನೇಗಿಲಿನ ಗುಳವೋ ಹೆಗ್ಗಣದ ಉಗುರೋ ಆ ಮಣ್ಣನ್ನು ತಿರುವಿ ಬಿತ್ತನ್ನು ಮೇಲಕ್ಕೆ ತಂದ ದಿನ ಅದು ಏಳುತ್ತದೆ. ಆದುದರಿಂದಲೇ ಕಿತ್ತಷ್ಟೂ ಮತ್ತೆ ಬರುವ ಈ ಕಳೆಯನ್ನು ಕಂಡು ಅಮೆರಿಕದ ರೈತನು ಬೇಸತ್ತನು. ಒಂದು ವರ್ಷ ಬೀಜ ಉದುರಿದರೆ ಏಳು ವರ್ಷ ಕಳೆ ಕೀಳಬೇಕೆಂದು ಆಂಗ್ಲ ರೈತರಲ್ಲಿ ಗಾದೆಯುಂಟು. ನಿಜವಾಗಿಯೂ ಏಳೇ ವರ್ಷವೇ? ಎಷ್ಟು ವರ್ಷ ಕಿತ್ತರೆ ನೆಲದೊಳಗಿನ ಬೀಜದ ಭಂಡಾರ ಬರಿದಾದೀತು?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮಿಷಿಗನ್ ಪ್ರಾಂತದ ವ್ಯವಸಾಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ವಿಲಿಯಂ ಜೇಮ್ಸ್ ಬೀಲ್ (೧೮೩೩–೧೯೨೪). ಹಾರ್ವರ್ಡ್ ವಿದ್ಯಾಪೀಠದಲ್ಲಿ ಏಸಾ ಗ್ರೇ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞರ ಶಿಷ್ಯರಾಗಿದ್ದವರು ಇವರು. ೧೮೭೯ರ ಶರತ್ಕಾಲದಲ್ಲಿ ಬೀಲರು ಇಪ್ಪತ್ತು ಗಾಜಿನ ಸೀಸೆಗಳನ್ನು ತೆಗೆದುಕೊಂಡು, ಪ್ರತಿಯೊಂದರಲ್ಲಿಯೂ ಇಪ್ಪತ್ತಕ್ಕೆ ಮೇಲ್ಪಟ್ಟ ಜಾತಿಗಳ ಬೀಜಗಳನ್ನು, ಜಾತಿಗೆ ಐವತ್ತರಂತೆ ಎಣಿಸಿ, ತೇವದ ಮರಳಿನೊಡನೆ ಬೆರೆಸಿ ತುಂಬಿದರು. ಮಲ್ಲೀನಿನೊಡನೆ ಸಾಸಿವೆ, ದಂಟಿನ ಜಾತಿಯ ಸೊಪ್ಪು, ಗೋಣಿಸೊಪ್ಪು ಮೊದಲಾದುವೂ ಅವುಗಳಲ್ಲಿದ್ದುವು. ಸೀಸೆಗಳಿಗೆ ಬಿರಡೆ ಹಾಕಲಿಲ್ಲ. ಒಳಗೆ ನೀರು ನಿಲ್ಲದಂತೆ ಬಾಯನ್ನು ಕೆಳಮುಖವಾಗಿ ಓರೆಮಾಡಿ, ಕಾಲೇಜಿನ ಆವರಣದ ಒಂದು ಮರಳುದಿಬ್ಬದಲ್ಲಿ ಸಾಲಾಗಿ ಹೂಳಿದರು. ಐದು ವರ್ಷಕ್ಕೊಂದರಂತೆ ತೆಗೆದು ಮೊಳಕೆಯನ್ನು ನೋಡಬೇಕೆಂದು ಅವರ ಸಂಕಲ್ಪ. ಇಪ್ಪತ್ತು ಸೀಸೆಗೆ ಲೆಕ್ಕ ನೂರು ವರ್ಷವಾಯಿತು. ಆಗ ಅವರ ವಯಸ್ಸು ನಲವತ್ತಾರು. ಕಡೆಯ ಸೀಸೆಯನ್ನು ತಾವು ನೋಡುವುದಿಲ್ಲವೆಂಬುದು ಮೊದಲನೆಯ ಸೀಸೆಯನ್ನು ಹೂಳುವ ದಿನವೇ ಅವರಿಗೆ ತಿಳಿದಿತ್ತು.

ಮೊದಮೊದಲ ಸೀಸೆಗಳಲ್ಲಿ ಅನೇಕ ಜಾತಿಗಳು ಮೊಳೆತುವು. ಬೀಲರು ೧೯೧೦ರಲ್ಲಿ ನಿವೃತ್ತರಾದರು. ಅನಂತರ ಅದೇ ಕಾಲೇಜಿನ ಹೆನ್ರಿ ಡಾರ್ಲಿಂಗ್ಟನ್ ಎಂಬವರು ಈ ಹೊಣೆಯನ್ನು ವಹಿಸಿಕೊಂಡರು. ಬೀಜಗಳು ಎಣಿಸಿದುದಕ್ಕಿಂತ ದೀರ್ಘಾಯುಗಳಾಗಿ ಕಂಡುದರಿಂದ ೧೯೨೦ರ ಮೇಲೆ ಹತ್ತು ವರ್ಷಕ್ಕೊಂದು ಸೀಸೆಯೆಂದು ಗಡುವನ್ನು ಹಿಗ್ಗಿಸಿದರು. ೧೯೮೦ರ ಮೇಲೆ ಅದು ಇಪ್ಪತ್ತು ವರ್ಷವಾಯಿತು. ಹೀಗೆ ನೂರು ವರ್ಷದ ವ್ರತವು ಇನ್ನೂರ ಇಪ್ಪತ್ತೊಂದು ವರ್ಷಗಳ ವ್ರತವಾಗಿ ಬೆಳೆಯಿತು. ಈ ನಡುವೆ ಬೀಜಗಳು ಒಂದೊಂದಾಗಿ ಕೈಬಿಟ್ಟುವು. ಸಾಸಿವೆಯ ಜಾತಿ ಅರ್ಧ ಶತಮಾನದವರೆಗೆ ಬಂದು ನಿಂತಿತು. ಎಂಬತ್ತು ವರ್ಷಗಳ ತರುವಾಯ, ೧೯೬೦ರಲ್ಲಿ, ಮೊಳೆತವು ಮೂರೇ ಜಾತಿ. ೧೯೭೦ರಲ್ಲಿ ಉಳಿದುದು ಒಂದೇ: ಮಲ್ಲೀನ್ ಕುಲ. ೧೯೮೦ರಲ್ಲಿ ಅದರೊಡನೆ ಒಂದು ಮಾಲ್ವ ಗಿಡವೂ ತಲೆ ಎತ್ತಿತು. ೨೦೦೦ದಲ್ಲಿ ಅಧ್ಯಾಪಕ ಫ್ರಾಂಕ್ ಟೆಲೆವ್ಸ್ಕಿ ಮತ್ತು ಯಾನ್ ಜೀವಾರ್ಟ್ ಎಂಬವರು ಹದಿನೈದನೆಯ ಸೀಸೆಯನ್ನು ತೆರೆದಾಗ, ನೂರಿಪ್ಪತ್ತು ವರ್ಷ ಕತ್ತಲಲ್ಲಿದ್ದ ಐವತ್ತು ಬೀಜಗಳಲ್ಲಿ ಇಪ್ಪತ್ತಮೂರು ಮೊಳೆತು ಗಿಡಗಳಾದುವು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಬೀಲರ ಪಟ್ಟಿಯಲ್ಲಿ ಬರೆದುದು ವರ್ಬಾಸ್ಕಂ ಥಾಪ್ಸಸ್ ಎಂದು. ಆದರೆ ಹೀಗೆ ಮೊಳೆತು ಬಂದವುಗಳಲ್ಲಿ ಹೆಚ್ಚಿನವು ಅದರ ದಾಯಾದಿಯಾದ ವರ್ಬಾಸ್ಕಂ ಬ್ಲಟ್ಟೇರಿಯ ಎಂಬ ಜಾತಿ; ಇದರ ಎಲೆಗೆ ತುಪ್ಪುಳಿಲ್ಲ. ಎರಡರ ಬೀಜವೂ ಕಣ್ಣಿಗೆ ಒಂದೇ ತೆರನಾಗಿರುತ್ತದೆ. ತಾಳೆಯೋಲೆಯ ಗ್ರಂಥಗಳನ್ನು ನೋಡಿದವರಿಗೆ ಈ ಸಂಗತಿ ಹೊಸದಲ್ಲ. ಹಲಗೆಯ ಮೇಲೆ ಒಂದು ಹೆಸರು, ಕಟ್ಟನ್ನು ಬಿಚ್ಚಿದರೆ ಒಳಗೆ ಇನ್ನೊಂದು ಗ್ರಂಥ. ಗಿಡವು ಹೂಬಿಟ್ಟು ತಾನೇ ಹೇಳಿಕೊಳ್ಳುವವರೆಗೆ ಒಳಗಿದ್ದುದು ಯಾವುದೆಂಬುದು ಹೊರಗಿನವರಿಗೆ ತಿಳಿಯಲಿಲ್ಲ.

ಹದಿನಾರನೆಯ ಸೀಸೆಯನ್ನು ೨೦೨೦ರಲ್ಲಿ ತೆಗೆಯಬೇಕಾಗಿತ್ತು. ಮಹಾಮಾರಿಯ ದೆಸೆಯಿಂದ ಕಾಲೇಜು ಮುಚ್ಚಿದ್ದುದರಿಂದ ೨೦೨೧ರ ಏಪ್ರಿಲ್ ತಿಂಗಳಿಗೆ ಮುಂದೆ ಹೋಯಿತು. ಬಿತ್ತಿಗೆ ಹೊತ್ತಿಗೆ ಮುಂಚೆ ಬೆಳಕು ತಾಗಬಾರದೆಂದು ಟೆಲೆವ್ಸ್ಕಿಯವರೂ ಅವರ ಜೊತೆಗಾರರೂ ಸೂರ್ಯೋದಯಕ್ಕೆ ಮುಂಚಿನ ಕತ್ತಲಲ್ಲಿಯೇ ಅಗೆದರು. ಸೀಸೆಗಳು ಎಲ್ಲಿವೆಯೆಂಬುದನ್ನು ಎಲ್ಲರಿಗೂ ತಿಳಿಸುವುದಿಲ್ಲ. ಒಂದು ನಕ್ಷೆಯುಂಟು, ಅದು ಹಿರಿಯರಿಂದ ಕಿರಿಯರಿಗೆ ಕೈಯಿಂದ ಕೈಗೆ ಬರುತ್ತದೆ. ಆ ಸಲವೂ ಮಲ್ಲೀನ್ ಕುಲದ ಸಸಿಗಳೇ ಎದ್ದುವು. ಈಗಿನ ವಿಜ್ಞಾನವು ಜೀವಕಣದೊಳಗಿನ ಆನುವಂಶಿಕ ದ್ರವ್ಯವನ್ನೇ ಓದಬಲ್ಲುದಾದುದರಿಂದ ಅವನ್ನೂ ಪರೀಕ್ಷಿಸಿ ನೋಡಿದರು. ಅವು ಬ್ಲಟ್ಟೇರಿಯ ಜಾತಿಯವು. ಒಂದು ಮಾತ್ರ ಎರಡು ಜಾತಿಗಳ ಸಂಕರ. ಎಂದರೆ, ೧೮೭೯ರಲ್ಲಿಯೋ ಅದಕ್ಕೂ ಮುಂಚೆಯೋ ಒಂದು ಬೇಸಗೆಯ ಬೆಳಗ್ಗೆ ಯಾವುದೋ ದುಂಬಿಯೊಂದು ಈ ಹೂವಿನ ಪರಾಗವನ್ನು ಆ ಹೂವಿಗೆ ತಾಗಿಸಿತ್ತು. ಆ ವಿವಾಹದ ಶಿಶು ನೂರ ನಲವತ್ತು ವರ್ಷಗಳ ಮೇಲೆ ಕಣ್ಣು ತೆರೆಯಿತು.

ಈ ಚರಿತ್ರೆಯಿಂದ ಎರಡು ಮಾತುಗಳು ತೋರಿಬರುತ್ತವೆ. ಮೊದಲನೆಯದು ತೋಟಗಾ‌ರನಿಗೆ ಸಲ್ಲುವುದು. ದೇಶದಲ್ಲಿ ಹೆಳವನಾದ ಈ ಬಿತ್ತು ಕಾಲದಲ್ಲಿ ಮಹಾಪಥಿಕ. ಅಂದಕ್ಕಾಗಿ ಒಂದು ವರ್ಷ ಬಿತ್ತಿದವನು ತಾನು ಕಾಣದ ಮರಿಮಕ್ಕಳ ಹೊಲದಲ್ಲಿಯೂ ಬಿತ್ತಿದಂತಾಯಿತು. ಅಮೆರಿಕದ ಕೊಲರಾಡೊ ಮತ್ತು ಹವಾಯಿ ಪ್ರಾಂತಗಳು ಇದನ್ನು ಹಾನಿಕರವಾದ ಕಳೆಗಳ ಪಟ್ಟಿಯಲ್ಲಿ ಸೇರಿಸಿವೆ. ಆದುದರಿಂದ ವಿವೇಕಿಯಾದ ತೋಟಗಾರನು ಹೂವನ್ನು ನೋಡಿ ಸಂತೋಷಪಟ್ಟು, ಕಾಯಿ ಕಂದಾಗಿ ಬಿರಿಯುವುದಕ್ಕೆ ಮುಂಚೆಯೇ ದಂಟನ್ನು ಕತ್ತರಿಸಿಬಿಡುತ್ತಾನೆ. ಇದು ಪರದೇಶದ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ಚೆಂದದ ಹೂವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಉದ್ಯಾನಗಳಿಗೆ ತಂದ ಲಂಟಾನವು ಬಂಡೀಪುರದಲ್ಲಿಯೂ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಕಾಡಿನ ಕೆಳಮೈಯನ್ನೆಲ್ಲ ಮುಸುಕಿರುವುದನ್ನು ಕಂಡವರು ಈ ಮಾತಿನ ತೂಕವನ್ನು ಬಲ್ಲರು. ಬೇಲಿಯು ಮನುಷ್ಯನು ಎಳೆದ ಗೆರೆ; ಬೀಜಕ್ಕೆ ಅದರ ಅರಿವಿಲ್ಲ.

ಎರಡನೆಯದು ಉಪಾಧ್ಯಾಯರಿಗೂ ತಾಯಿತಂದೆಯರಿಗೂ ಸಲ್ಲುವುದು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಮ್ಮಲ್ಲಿ ಗಾದೆಯುಂಟು. ಶಾಲೆಗಳಲ್ಲಿ ಈ ಗಾದೆಯನ್ನು ಎಷ್ಟು ಹುಡುಗರ ಮೇಲೆ ಹೊರಿಸಿಲ್ಲ! ಮೊದಲನೆಯ ವರ್ಷದ ಮೊಳಕೆಯನ್ನು ನೋಡಿ ಸಿರಿಯನ್ನು ಅಳೆದುಬಿಡುತ್ತಾರೆ. ಮೊಳೆಯದ ಬಿತ್ತನ್ನು ಬೆಂದ ಬಿತ್ತೆಂದು ಬರೆದುಬಿಡುತ್ತಾರೆ. ಆದರೆ ಪ್ರಸುಪ್ತವಾದುದಕ್ಕೂ ದಗ್ಧವಾದುದಕ್ಕೂ ಹೊರನೋಟದಲ್ಲಿ ಭೇದವಿಲ್ಲವೆಂಬುದನ್ನು ಮರುಳುದಿಬ್ಬದ ಸೀಸೆಗಳು ತೋರಿಸಿಕೊಟ್ಟಿವೆ. ಭೇದವನ್ನು ತಿಳಿಯಲು ಉಪಾಯ ಒಂದೇ: ಬೆಳಕನ್ನು ತೋರಿಸಿ ಕಾಯುವುದು. ನಲವತ್ತು ವರ್ಷ ಮಕ್ಕಳ ನಡುವೆ ಕಳೆದವನಾಗಿ ಹೇಳುತ್ತೇನೆ: ತರಗತಿಯಲ್ಲಿ ಬಾಯಿಬಿಡದಿದ್ದ ಹುಡುಗನು ಮೂವತ್ತು ವರ್ಷಗಳ ಮೇಲೆ, ಅಂದು ಕೇಳಿದ ಶ್ಲೋಕದ ಅರ್ಥವನ್ನು ತನ್ನ ಮಗನಿಗೆ ಹೇಳಿಕೊಡುವುದನ್ನು ನಾನು ಕಂಡಿದ್ದೇನೆ. ಆ ಬಿತ್ತು ಎಂದು ಬಿತ್ತು, ಎಲ್ಲಿ ಮಲಗಿತ್ತು, ಯಾವ ಬೆಳಕಿಗೆ ಎದ್ದಿತು ಎಂಬುದಕ್ಕೆ ಯಾವ ಹಾಜರಿ ಪುಸ್ತಕದಲ್ಲಿಯೂ ಲೆಕ್ಕವಿಲ್ಲ.

ಇದೆಲ್ಲಕ್ಕೂ ಆಧಾರವಾಗಿ ನಿಂತಿರುವುದು ಆ ನಕ್ಷೆ. ನಡುವೆ ಒಬ್ಬ ಅಧ್ಯಾಪಕನು ಅದನ್ನು ಮುಂದಿನವನ ಕೈಗೆ ಕೊಡುವುದನ್ನು ಮರೆತಿದ್ದರೆ, ಬೀಜಗಳು ಬದುಕಿದ್ದರೂ ವಿದ್ಯೆಯು ಸತ್ತುಹೋಗುತ್ತಿತ್ತು. ಗುರುಶಿಷ್ಯ ಪರಂಪರೆಯೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಮಂತ್ರೋಪದೇಶಕ್ಕೆ ಮಾತ್ರ ಬೇಕಾದುದಲ್ಲ. ಕಳೆಯ ಬೀಜವನ್ನು ಎಣಿಸುವುದಕ್ಕೂ ಬೇಕಾದುದು. ನೆಲದಲ್ಲಿ ಈಗ ನಾಲ್ಕು ಸೀಸೆಗಳು ಉಳಿದಿವೆ. ಮುಂದಿನದನ್ನು ೨೦೪೦ರಲ್ಲಿ ತೆಗೆಯಬೇಕು, ಕಡೆಯದನ್ನು ೨೧೦೦ರಲ್ಲಿ. ಈ ಪತ್ರಿಕೆ ತಲಪುವ ಮನೆಗಳಲ್ಲಿ ಈಗ ತೊಟ್ಟಿಲಲ್ಲಿರುವ ಮಕ್ಕಳು ಅಂದು ನನಗಿಂತ ಹಿರಿಯರಾಗಿರುತ್ತಾರೆ. ಕಡೆಯ ಸೀಸೆಯಲ್ಲಿ ಏನು ಮೊಳೆಯಿತೆಂಬ ಸುದ್ದಿಯನ್ನು ಓದುವವರು ಅವರು. ಅಂಥದೊಂದು ಸೀಸೆ ಇದೆಯೆಂಬ ಸಂಗತಿಯನ್ನಷ್ಟೇ ಅವರಿಗೆ ತಿಳಿಸಿಟ್ಟು ಹೋಗುವುದು ನಮ್ಮ ಪಾಲಿನ ಕೆಲಸ.